ಎರಡು ಥೌ ಬಿಗಿ

‘ನೆಕ್ ಟೆನ್ಶನ್’ ಅಂದ ತಕ್ಷಣ ನಮ್ಮ ಆಫೀಸಿನಲ್ಲಿ ಯಾರಾದರೂ ಒಬ್ಬರು ಫಿಸಿಯೋಥೆರಪಿಸ್ಟ್ ನಂಬರ್ ಕಳಿಸ್ತಾರೆ. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂರೋ ಜಾತಿ ನಮ್ಮದು. ಕುತ್ತಿಗೆ ಅಂದ್ರೆ ನೋವು ಅಂತಲೇ ಅರ್ಥ. ಆದರೆ ನಾನು ಇವತ್ತು ಹೇಳಹೊರಟಿರೋದು ಬೇರೆಯದೇ ಕುತ್ತಿಗೆಯ ಕಥೆ. ರೈಫಲ್ ತೋಟೆಗೂ ಒಂದು ಕುತ್ತಿಗೆ ಇರುತ್ತೆ. ಆ ಕುತ್ತಿಗೆ ಗುಂಡನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ ಅನ್ನೋದಕ್ಕೆ ಇಂಗ್ಲಿಷಿನವರು ನೆಕ್ ಟೆನ್ಶನ್ ಅಂತಾರೆ. ಬಂದೂಕು ಕಂಡರಾಗದವರೂ ಸ್ವಲ್ಪ ತಾಳ್ಮೆ ಇಟ್ಟು ಓದಿ. ಕೊನೆಗೆ ಇದು ನಮ್ಮ ಮನೆಯ ವಿಷಯಕ್ಕೇ ಬಂದು ನಿಲ್ಲುತ್ತೆ.

ಮೊದಲು ತೋಟೆ ಅಂದ್ರೆ ಏನು ನೋಡೋಣ. ನಾಲ್ಕೇ ಭಾಗ. ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹುಟ್ಟಿಸೋ ಪುಟ್ಟ ಕೇಪು, ಹೊಟ್ಟೆಯೊಳಗೆ ಮದ್ದು, ಬಾಯಲ್ಲಿ ಗುಂಡು. ಹೆಚ್ಚಿನ ರೈಫಲ್ ತೋಟೆಗಳು ಬಾಟಲಿಯ ಆಕಾರದಲ್ಲಿರುತ್ತವೆ. ಹೊಟ್ಟೆ ದಪ್ಪ, ಹೆಗಲು ಇಳಿಜಾರು, ಮೇಲೆ ಸಣ್ಣ ಕುತ್ತಿಗೆ. ಗುಂಡು ಕೂತಿರೋದು ಆ ಕುತ್ತಿಗೆಯಲ್ಲಿ. ಅಂಟು ಹಾಕಿರಲ್ಲ, ಮೊಳೆ ಹೊಡೆದಿರಲ್ಲ. ಕುತ್ತಿಗೆಯ ಒಳಗಿನ ತೂತು ಗುಂಡಿಗಿಂತ ಒಂಚೂರು ಚಿಕ್ಕದು, ಅಷ್ಟೇ. ಒತ್ತಿ ಕೂರಿಸಿದಾಗ ಹಿತ್ತಾಳೆ ಸ್ವಲ್ಪ ಹಿಗ್ಗುತ್ತೆ, ವಾಪಸ್ ಕುಗ್ಗೋದಕ್ಕೆ ನೋಡುತ್ತೆ, ಆ ಎಳೆತವೇ ಗುಂಡನ್ನು ಹಿಡಿದಿರುತ್ತೆ.

ಆ ‘ಒಂಚೂರು’ ಎಷ್ಟು? ಸಾಮಾನ್ಯವಾಗಿ ಒಂದರಿಂದ ಮೂರು ಥೌ. ಪೀಣ್ಯದಲ್ಲಿ ಲೇತ್ ಮುಂದೆ ನಿಂತವರಿಗೆ ಥೌ ಗೊತ್ತು. ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು, ಅಂದ್ರೆ 25.4 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎರಡು ಥೌ ಅಂದ್ರೆ ಒಂದು ಕೂದಲಿಗಿಂತಲೂ ಕಡಿಮೆ. ಅಷ್ಟರ ಮೇಲೆ ಇಡೀ ಆಟ ನಿಂತಿದೆ.

ಇದೆಲ್ಲ ನನಗ್ಯಾಕೆ ಅಂತ ಕೇಳಬಹುದು. ಎರಡು ಕಾರಣ. ಒಂದು, ನನ್ನ ಹೊಟ್ಟೆಪಾಡೇ ‘ಪ್ರೆಸ್ ಫಿಟ್’. ಗಾಡಿಗಳ ಬೇರಿಂಗನ್ನು ಅದರ ಮನೆಯೊಳಗೆ ಒತ್ತಿ ಕೂರಿಸೋ ಯಂತ್ರಗಳ ಗುಣಮಟ್ಟ ನೋಡಿಕೊಳ್ಳೋದು ನನ್ನ ಕೆಲಸ. ಎರಡನೆಯದು, ನಾನು ಹಳಿಯಾಳ ತಾಲ್ಲೂಕಿನ ತೇರಗಾಂವದವನು. ನಮ್ಮ ಮನೆಯಲ್ಲಿ ಅಜ್ಜನ ಕಾಲದ್ದೊಂದು ಬಂದೂಕಿದೆ.

ಹಳಿಯಾಳ ಅಂದ್ರೆ ನಿಮ್ಮಲ್ಲಿ ಹಲವರಿಗೆ ದಾಂಡೇಲಿಗೆ ರಾಫ್ಟಿಂಗ್ ಹೋಗೋವಾಗ ಬಸ್ಸು ನಿಲ್ಲೋ ಊರು. ಉತ್ತರ ಕನ್ನಡ ಜಿಲ್ಲೆಯಲ್ಲೇ ಇದ್ದರೂ ಮಾತು, ಊಟ, ಸಂತೆ ಎಲ್ಲ ಧಾರವಾಡದ ಕಡೆಗೆ ವಾಲಿದ ಸೀಮೆ. ಭತ್ತ, ಗೋವಿನಜೋಳ, ಹತ್ತಿ, ಕಬ್ಬು ಬೆಳೀತೀವಿ. ಒಂದು ಕಡೆ ಬಯಲು, ಇನ್ನೊಂದು ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಗೋವಿನಜೋಳ ತೆನೆ ಕಟ್ಟೋ ಹೊತ್ತಿಗೆ ಹಂದಿ ಬರುತ್ತೆ. ಭತ್ತ ಮಾಗೋ ಹೊತ್ತಿಗೆ ತಾಲ್ಲೂಕಿನ ಕಾಡಂಚಿಗೆ ಆನೆಯೂ ಬರುತ್ತೆ. ಆನೆ ಬಂತಂದ್ರೆ ಬಂದೂಕಿನ ಮಾತೇ ಇಲ್ಲ. ಅರಣ್ಯ ಇಲಾಖೆಯವರಿಗೆ ಫೋನು, ಪಟಾಕಿ, ತಗಡಿನ ಡಬ್ಬಿ ಬಡಿಯೋದು. ಹಂದಿಗೂ ನಮ್ಮ ಬಂದೂಕು ಸದ್ದು ಮಾಡಿ ಹೆದರಿಸೋದಕ್ಕಷ್ಟೇ. ನನಗೆ ತಿಳಿದಂತೆ ಅದರ ಈಡು ಆಕಾಶಕ್ಕೆ ಬಿಟ್ಟು ಬೇರೆಲ್ಲಿಗೂ ಹೋಗಿಲ್ಲ.

ಅದು ಬಾಯಿಂದ ತುಂಬೋ ಬಂದೂಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ, ಪ್ರಾಮಾಣಿಕ ಬೆಳೆ ರಕ್ಷಣೆಗೆ ಬೇಕಾದ ಇಂಥ ಬಂದೂಕಿನ ಪ್ರಸ್ತಾಪ ಬೇರೆಯಾಗಿಯೇ ಇದೆ. ಅಂದ್ರೆ ದಿಲ್ಲಿಯಲ್ಲಿ ಕೂತು ಕಾನೂನು ಬರೆದವರಿಗೂ ಹೊಲದ ಅಟ್ಟಣಿಗೆಯ ಮೇಲೆ ರಾತ್ರಿ ಕಳೆಯೋ ರೈತನ ನೆನಪಿತ್ತು.

ಈ ಬಂದೂಕಿಗೆ ತೋಟೆಯೇ ಇಲ್ಲ, ಹಾಗಾಗಿ ಕುತ್ತಿಗೆಯೂ ಇಲ್ಲ. ನಳಿಗೆಯ ಬಾಯಿಂದ ಮದ್ದು ಹಾಕಿ, ತೆಂಗಿನ ನಾರು ತುರುಕಿ, ಗಜದಿಂದ ಜಡಿದು ಕೂರಿಸಬೇಕು. ಅಜ್ಜ ಜಡಿಯೋದನ್ನು ನಾನು ಚಿಕ್ಕವನಿದ್ದಾಗ ದೂರ ಕೂತು ನೋಡ್ತಿದ್ದೆ. ಗಜದ ಮೇಲೆ ಚಾಕುವಿನಿಂದ ಕೊರೆದ ಒಂದು ಗೆರೆ ಇತ್ತು. ಜಡಿದು ಮುಗಿದ ಮೇಲೆ ಆ ಗೆರೆ ನಳಿಗೆಯ ಬಾಯಿಗೆ ಸರಿಯಾಗಿ ನಿಲ್ಲಬೇಕು. ಗೆರೆ ಮೇಲೆ ನಿಂತರೆ ಒಳಗೆಲ್ಲೋ ಖಾಲಿ ಜಾಗ ಉಳಿದಿದೆ ಅಂತ ಲೆಕ್ಕ. ಮದ್ದಿಗೂ ಅದರ ಮೇಲಿನದ್ದಕ್ಕೂ ನಡುವೆ ಜಾಗ ಉಳಿದರೆ ನಳಿಗೆ ಸೀಳೋ ಅಪಾಯ ಇರುತ್ತೆ. ಗೆರೆ ಕೆಳಗಿಳಿದರೆ ಮದ್ದೇ ಕಡಿಮೆ ಬಿದ್ದಿದೆ. ಅಪ್ಪನಿಗೆ ಕಲಿಸುವಾಗ ಅಜ್ಜ ಒಂದೇ ಮಾತು ಹೇಳ್ತಿದ್ದ: “ಜೋರ್ ಜಡೀಬ್ಯಾಡೋ ತಮ್ಮಾ, ಒಂದ ನಮೂನಿ ಜಡಿ.”

ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ಆಗಿದ್ದು ಅಮೆರಿಕದ ಮಿಷಿಗನ್‌ನಲ್ಲಿ.

ಕಂಪನಿಯವರು ಎಂಟು ತಿಂಗಳಿಗೆ ಅಲ್ಲಿಗೆ ಕಳಿಸಿದ್ದರು. ಮಿಷಿಗನ್‌ನಲ್ಲಿ ಪ್ರತಿವರ್ಷ ನವೆಂಬರ್ 15ಕ್ಕೆ ಬಂದೂಕಿನಿಂದ ಜಿಂಕೆ ಬೇಟೆಯಾಡೋ ಋತು ಶುರು. ನಮ್ಮಲ್ಲಿ ಗಣೇಶ ಚೌತಿಗೆ ಊರಿಗೆ ಹೋದಂಗೆ ಅವತ್ತು ಅರ್ಧ ಪ್ಲಾಂಟು ಖಾಲಿ. ನನ್ನ ಜತೆ ಕೆಲಸ ಮಾಡ್ತಿದ್ದ ಟೂಲಿಂಗ್ ಎಂಜಿನಿಯರ್ ಒಬ್ಬರಿದ್ದರು, ವಯಸ್ಸು ಅರವತ್ತು ದಾಟಿತ್ತು. ಅವರು ಬೇಟೆಗೆ ಹೋಗ್ತಿರಲಿಲ್ಲ. ಸಾವಿರ ಗಜ ದೂರದ ಗುರಿಗೆ ಹೊಡೆಯೋ ಸ್ಪರ್ಧೆಗಳಿಗೆ ಹೋಗ್ತಿದ್ದರು. ತಮ್ಮ ತೋಟೆಗಳನ್ನು ಮನೆಯ ನೆಲಮಾಳಿಗೆಯಲ್ಲಿ ತಾವೇ ತುಂಬಿಕೊಳ್ತಿದ್ದರು. ನಮ್ಮಲ್ಲಿ ಅನುಮತಿಯಿಲ್ಲದೆ ಮನೆಯಲ್ಲಿ ಕೂತು ಮಾಡುವಂಥ ಹವ್ಯಾಸ ಅಲ್ಲ ಇದು. ಅಲ್ಲಿ ಮೀನು ಹಿಡಿಯೋ ಗಾಳ ಕಟ್ಟಿದಷ್ಟೇ ಸಹಜ. ನನ್ನ ಪ್ರೆಸ್ ಫಿಟ್ ಹುಚ್ಚು ಗೊತ್ತಿದ್ದರಿಂದ ಒಂದು ಶನಿವಾರ “ಬಾ, ನಿನಗೊಂದು ಫಿಟ್ ತೋರಿಸ್ತೀನಿ” ಅಂತ ಕರೆದರು.

ಒಂದು ಸಲ ಸಿಡಿದ ಹಿತ್ತಾಳೆ ಕೊಳವೆಯನ್ನು ಎಸೆಯಲ್ಲ. ಸಿಡಿದಾಗ ಒಳಗಿನ ಒತ್ತಡಕ್ಕೆ ಅದರ ಕುತ್ತಿಗೆ ಹಿಗ್ಗಿ ಬಂದೂಕಿನ ಒಳಮೈಗೆ ಹೋಗಿ ಅಂಟುತ್ತೆ. ಆಮೇಲೆ ಅದರಲ್ಲಿ ಗುಂಡು ಇಟ್ಟರೆ ಜಾರಿ ಒಳಗೆ ಬೀಳುತ್ತೆ. ಹಾಗಾಗಿ ಕುತ್ತಿಗೆಯನ್ನು ಒಂದು ಅಚ್ಚಿನೊಳಗೆ ತೂರಿಸಿ ಮತ್ತೆ ಕಿರಿದು ಮಾಡಬೇಕು. ಮಾಮೂಲಿ ಅಚ್ಚುಗಳು ಅದನ್ನು ಬೇಕಾದ್ದಕ್ಕಿಂತ ಜಾಸ್ತಿ ಹಿಸುಕಿ, ಆಮೇಲೆ ಒಳಗಿಂದ ಒಂದು ಉಕ್ಕಿನ ಗುಂಡಿಯನ್ನು ಮೇಲಕ್ಕೆಳೆದು ಹಿಗ್ಗಿಸ್ತವೆ. ಆ ಎಳೆತಕ್ಕೆ ಕುತ್ತಿಗೆ ಒಂದು ಕಡೆಗೆ ವಾಲಬಹುದು. ನಮ್ಮ ಹಿರಿಯರು ಬಳಸ್ತಿದ್ದ ಅಚ್ಚಿಗೆ ಬದಲಾಯಿಸಬಹುದಾದ ಬುಶ್‌ಗಳಿದ್ದವು, ಒಂದೊಂದು ಥೌ ವ್ಯತ್ಯಾಸದಲ್ಲಿ. ಬೇಕಾದ ಬುಶ್ ಹಾಕಿ ಹೊರಗಿಂದ ಕಿರಿದು ಮಾಡಿ, ಕೊನೆಗೆ ನೇರವಾದ ಒಂದು ಉಕ್ಕಿನ ಕಡ್ಡಿಯನ್ನು ಮೇಲಿನಿಂದ ಒಳಗಿಳಿಸಿ ತೂತಿನ ಅಳತೆ ಸರಿಮಾಡ್ತಿದ್ದರು. ಹೊರಗಿನ ಗೋಡೆಯಲ್ಲಿ ಏನೇ ಉಬ್ಬುತಗ್ಗಿರಲಿ, ಗುಂಡು ಮುಟ್ಟೋ ಒಳಮೈ ಎಲ್ಲ ತೋಟೆಗಳಲ್ಲೂ ಒಂದೇ ಆಗಬೇಕು ಅನ್ನೋದು ಇದರ ಉದ್ದೇಶ.

ನಾನು ಕೇಳಿದೆ, “ಅಂದ್ರೆ ಎರಡು ಥೌ ಇಟ್ಟರೆ ಬಿಗಿ ಸರಿಹೋಯ್ತಲ್ಲ?” ಅವರು ನಕ್ಕರು. ಎರಡು ಥೌ ಅನ್ನೋದು ಅಳತೆ, ಬಿಗಿ ಅನ್ನೋದು ಬಲ, ಅವೆರಡೂ ಒಂದೇ ಅಂತ ತಿಳಿಯೋದೇ ಹೊಸಬರು ಎಡವೋ ಜಾಗ ಅಂದರು. ಪ್ರೆಸ್ ಫಿಟ್ ಮಾಡೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಡ್ರಾಯಿಂಗಿನಲ್ಲಿ ಅಳತೆ ಸರಿ ಇದ್ದರೂ ಒಂದು ಬೇರಿಂಗ್ ಬೆಣ್ಣೆಯೊಳಗೆ ಇಳಿದಂಗೆ ಇಳಿಯುತ್ತೆ, ಇನ್ನೊಂದು ಕಿರುಚುತ್ತಾ ಇಳಿಯುತ್ತೆ. ಕುತ್ತಿಗೆಯ ಗೋಡೆ ಎಷ್ಟು ದಪ್ಪ, ಒಳಗಿನ ಮೈ ಎಷ್ಟು ನುಣುಪು, ಗುಂಡು ಎಷ್ಟು ಆಳ ಕೂತಿದೆ, ಎಲ್ಲಾ ಲೆಕ್ಕಕ್ಕೆ ಬರುತ್ತೆ. ಸಿಡಿದ ಮೇಲೆ ಒಳಗೆ ಉಳಿಯೋ ಮಸಿ ಕೂಡ ಎಣ್ಣೆ ಹಚ್ಚಿದಂಗೆ ಕೆಲಸ ಮಾಡುತ್ತೆ. ಕೊಳವೆಗಳನ್ನು ಕನ್ನಡಿ ಥರ ತೊಳೆದರೆ ಆ ಮಸಿ ಹೋಗಿ ಹಿಡಿತ ಹೆಚ್ಚಾಗುತ್ತೆ. ಅವರು ತೊಳೀತಿದ್ದರು, ಆದರೆ ಫಳಫಳ ಹೊಳೆಯೋವರೆಗೆ ಅಲ್ಲ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಹಿತ್ತಾಳೆಯ ಸ್ವಭಾವದ್ದು. ತೋಟೆಯ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಪ್ರತಿ ಸಲ ಹಿಗ್ಗಿಸಿ ಕುಗ್ಗಿಸಿದಾಗಲೂ ಅದು ಸ್ವಲ್ಪ ಗಟ್ಟಿಯಾಗುತ್ತೆ. ಗಟ್ಟಿಯಾದಷ್ಟೂ ಸ್ಪ್ರಿಂಗಿನ ಗುಣ ಬರುತ್ತೆ. ಅಚ್ಚಿನಲ್ಲಿ ಒತ್ತಿದರೂ ಹೊರಗೆ ಬಂದ ಮೇಲೆ ತನ್ನ ಹಳೇ ಅಳತೆಗೆ ತುಸು ಮರಳುತ್ತೆ. ಮೊದಲ ಸಲ ತುಂಬೋ ಕೊಳವೆಗೂ ಆರನೇ ಸಲ ತುಂಬೋ ಕೊಳವೆಗೂ ಒಂದೇ ಬುಶ್ ಹಾಕಿದರೆ ಬಿಗಿ ಬೇರೆಬೇರೆ ಬರುತ್ತೆ. ಇನ್ನೂ ಬಿಟ್ಟರೆ ಕುತ್ತಿಗೆ ಸೀಳುತ್ತೆ. ಅದಕ್ಕೆ ಮದ್ದು ಬೆಂಕಿ. ಕುತ್ತಿಗೆ, ಹೆಗಲನ್ನಷ್ಟೇ ಕೆಲವೇ ಸೆಕೆಂಡು ಕಾಯಿಸಿದರೆ ಹಿತ್ತಾಳೆ ಮತ್ತೆ ಮೆತ್ತಗಾಗುತ್ತೆ. ಬುಡಕ್ಕೆ ಮಾತ್ರ ಬಿಸಿ ತಾಗಬಾರದು. ಅದು ಮೆತ್ತಗಾದರೆ ಮುಖದ ಹತ್ತಿರವೇ ಅನಾಹುತ. ಹಿಂದೆ ಕೊಳವೆಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ ಮೇಲಿನಿಂದ ಟಾರ್ಚ್ ಹಿಡೀತಿದ್ದರಂತೆ. ಈಗ ಅದಕ್ಕೂ ಯಂತ್ರ ಬಂದಿದೆ.

ಈ ಕಾಯಿಸೋ ವಿದ್ಯೆಯ ಹಿಂದೆ ನಮ್ಮ ದೇಶದ ಮಳೆಗಾಲದ ಕಥೆಯೊಂದಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ತೋಟೆಗಳು ಮಳೆಗಾಲದಲ್ಲಿ ಇದ್ದಲ್ಲೇ ಬಿರುಕು ಬಿಡ್ತಿದ್ದವು, ಅದೂ ಗುಂಡನ್ನು ಹಿಡಿದ ಕುತ್ತಿಗೆಯ ಕಡೆ. ಯಾರೂ ಹೊಡೆದಿಲ್ಲ, ಬೀಳಿಸಿಲ್ಲ. ಮಳೆಗಾಲದ ಬಿರುಕಾದ್ದರಿಂದ ‘ಸೀಸನ್ ಕ್ರ್ಯಾಕಿಂಗ್’ ಅಂತ ಹೆಸರಿಟ್ಟರು. ಕಾರಣ ಪೂರ್ತಿ ಗೊತ್ತಾಗಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಅನ್ನೋ ಮೂವರು ಕಂಡುಹಿಡಿದಾಗ. ತೋಟೆಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡ್ತಿದ್ದರು. ಕುದುರೆಯ ಮೂತ್ರದಿಂದ ಅಮೋನಿಯಾ, ಹವೆಯಲ್ಲಿ ತೇವ, ಹಿತ್ತಾಳೆಯ ಒಳಗೆ ಮೊದಲೇ ಉಳಿದುಹೋದ ಬಿಗಿ. ಈ ಮೂರೂ ಸೇರಿದಾಗ ಬಿರುಕು. ಕುದುರೆಯನ್ನು ಕಳಿಸೋಕಾಗಲ್ಲ, ಮಳೆಯನ್ನು ನಿಲ್ಲಿಸೋಕಾಗಲ್ಲ. ಹಿತ್ತಾಳೆಯನ್ನು ಹದವಾಗಿ ಕಾಯಿಸಿ ಒಳಗಿನ ಬಿಗಿ ಇಳಿಸೋದೇ ಪರಿಹಾರ. ಇವತ್ತಿಗೂ ಮಿಲಿಟರಿ ತೋಟೆಗಳ ಕುತ್ತಿಗೆಯ ಸುತ್ತ ಕಾಯಿಸಿದ ನೀಲಿ ಛಾಯೆ ಕಾಣಿಸುತ್ತೆ.

ಇಷ್ಟೆಲ್ಲ ಮಾಡಿ ಏನು ಸಿಗುತ್ತೆ? ಗುಂಡು ಹೊರಡೋ ವೇಗ ಪ್ರತಿ ಸಲ ಒಂದೇ ಇರುತ್ತೆ. ಕುತ್ತಿಗೆ ಒಂದು ಸಲ ಬೇಗ ಬಿಟ್ಟು ಇನ್ನೊಂದು ಸಲ ತಡವಾಗಿ ಬಿಟ್ಟರೆ ಒಳಗಿನ ಒತ್ತಡ ಏರೋ ರೀತಿ ಬದಲಾಗುತ್ತೆ, ವೇಗವೂ ಬದಲಾಗುತ್ತೆ. ಅವರ .308 ರೈಫಲ್ಲಿನ ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೊರಡುತ್ತಿತ್ತು. ಅದರಲ್ಲಿ ಹತ್ತು ಮೀಟರ್ ಹೆಚ್ಚುಕಮ್ಮಿಯಾದರೆ ನೂರು ಗಜದಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ, ಕಣ್ಣಿಗೂ ಕಾಣಲ್ಲ. ಸಾವಿರ ಗಜದಲ್ಲಿ ಅದೇ ವ್ಯತ್ಯಾಸ ಒಂದು ಗೇಣಿಗೂ ಹೆಚ್ಚು. ಅಲ್ಲಿ ಹತ್ತು ಅಂಕದ ವೃತ್ತ ಇರೋದೇ ಹತ್ತು ಇಂಚು. ಹತ್ತಿರದಲ್ಲಿ ನಿಂತು ನೋಡೋರಿಗೆ ಎಲ್ಲಾ ತೋಟೆಯೂ ಒಳ್ಳೇದೇ. ದೂರ ಹೋದ ಮೇಲೆ ಗೊತ್ತಾಗೋದು ಯಾವುದನ್ನು ಯಾರು ಹೇಗೆ ತುಂಬಿದ್ದರು ಅಂತ.

ಗುಂಡು ಕೂರಿಸೋ ಅವರ ಕೈಪ್ರೆಸ್ಸಿಗೆ ಬಲ ತೋರಿಸೋ ಒಂದು ಡಯಲ್ ಇತ್ತು. ನಮ್ಮ ಪ್ಲಾಂಟಿನಲ್ಲಿ ಲೋಡ್ ಸೆಲ್ ಮಾಡೋ ಕೆಲಸ ಅದೇ. ಹೆಚ್ಚಿನ ತೋಟೆಗಳಲ್ಲಿ ಮುಳ್ಳು ಒಂದೇ ಜಾಗಕ್ಕೆ ಬರ್ತಿತ್ತು. ಯಾವುದೋ ಒಂದು ಹೆಚ್ಚು ತೋರಿಸಿದರೆ ಅದನ್ನು ಬೈದು ಎಸೀತಿರಲಿಲ್ಲ, ಬೇರೆ ಡಬ್ಬಿಗೆ ಹಾಕ್ತಿದ್ದರು. ಸ್ಪರ್ಧೆಯ ಮೊದಲು ಗಾಳಿ ನೋಡೋದಕ್ಕೆ ಹೊಡೆಯೋ ಗುಂಡುಗಳು ಅವು. “ಬಿಗಿ ಎಷ್ಟಿರಬೇಕು?” ಅಂತ ನಾನು ಮತ್ತೆ ಕೇಳಿದೆ. ಒಂದು ಥೌನಲ್ಲೂ ಗೆದ್ದವರಿದ್ದಾರೆ, ಮೂರರಲ್ಲೂ ಗೆದ್ದವರಿದ್ದಾರೆ, ಇಪ್ಪತ್ತು ತೋಟೆಯಲ್ಲಿ ಇಪ್ಪತ್ತೂ ಒಂದೇ ಥರ ಇರಬೇಕು ಅಷ್ಟೇ ಅಂದರು. ಹಳಿಯಾಳದ ಕನ್ನಡದಲ್ಲಿ ಹೇಳೋದಾದರೆ, ಜೋರ್ ಜಡೀಬ್ಯಾಡ, ಒಂದ ನಮೂನಿ ಜಡಿ.

ಈಗ ನಮ್ಮ ಮನೆಯ ವಿಷಯ.

ಅಪ್ಪನಿಗೆ ಈ ವರ್ಷ ಎಪ್ಪತ್ತು ತುಂಬಿತು. ಲೈಸೆನ್ಸ್ ಅವನ ಹೆಸರಲ್ಲಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಇದ್ದವರಿಗೆ ಎಪ್ಪತ್ತು ತುಂಬಿದರೆ, ಅಥವಾ ಬಂದೂಕು ಇಟ್ಟುಕೊಂಡು ಇಪ್ಪತ್ತೈದು ವರ್ಷ ಆದರೆ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ದೀಪಾವಳಿಗೆ ಹೋದಾಗ ಅಪ್ಪ ಕಾಗದದ ಚೀಲ ತಂದು ನನ್ನ ಮುಂದೆ ಇಟ್ಟ. “ಅಜ್ಜಂದು ನನಗ ಬಂತು, ನಂದು ನಿನಗ. ಯಾವಾಗ ಅರ್ಜಿ ಹಾಕೋಣು?”

ಆಸೆ ಆಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಗಜದ ಮೇಲಿನ ಆ ಗೆರೆಯನ್ನು ಮುಟ್ಟಿ ನೋಡಿದೆ. ಅಜ್ಜನ ಕೈ ನೆನಪಾಯ್ತು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ‘ನಮ್ಮನೇಲಿ ಮೂರು ತಲೆಮಾರಿನ ಬಂದೂಕಿದೆ’ ಅಂತ ಹೇಳಿಕೊಳ್ಳೋ ಸುಖವೂ ಕಣ್ಣೆದುರು ಬಂತು. ಅದರ ಜತೆಗೇ ಆ ನೆಲಮಾಳಿಗೆಯಲ್ಲಿ ಕೇಳಿದ ಇನ್ನೊಂದು ಮಾತೂ ನೆನಪಾಯ್ತು. ತುಂಬಿಟ್ಟ ತೋಟೆಯನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಗುಂಡಿನ ತಾಮ್ರದ ಮೈ ಮತ್ತು ಕುತ್ತಿಗೆಯ ಹಿತ್ತಾಳೆ ಒಂದಕ್ಕೊಂದು ಕಚ್ಚಿಕೊಂಡುಬಿಡಬಹುದು. ತುಂಬಿದ ದಿನ ಇದ್ದ ಬಿಗಿ ಆಮೇಲೆ ಇರಲ್ಲ, ಬಿಡಿಸೋದಕ್ಕೆ ಎಷ್ಟೋ ಹೆಚ್ಚು ಬಲ ಬೇಕು. ಅದಕ್ಕೇ ಅವರು ಸ್ಪರ್ಧೆಗೆ ಮುಂಚೆ ಹೊಸದಾಗಿ ತುಂಬ್ತಿದ್ದರು. ಇಲ್ಲವೇ ಗುಂಡನ್ನು ಸ್ವಲ್ಪ ಮೇಲೇ ಬಿಟ್ಟಿದ್ದು, ಹಿಂದಿನ ದಿನ ಪೂರ್ತಿ ಒತ್ತಿ ಕೂರಿಸ್ತಿದ್ದರು.

ಬಂದೂಕು ಇಟ್ಟುಕೊಳ್ಳೋದು ಒಂದು ದಿನದ ಕೆಲಸವಲ್ಲ. ಮಳೆಗಾಲ ಪೂರ್ತಿ ಎಣ್ಣೆ ಹಚ್ಚಿ ತುಕ್ಕು ಕಾಯಬೇಕು. ಲೈಸೆನ್ಸ್ ನವೀಕರಣದ ತಾರೀಖು ನೆನಪಿಡಬೇಕು. ಚುನಾವಣೆ ಬಂತಂದ್ರೆ ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ತರಬೇಕು. 2023ರ ವಿಧಾನಸಭೆಗೆ ಒಂದು ಸಲ, 2024ರ ಲೋಕಸಭೆಗೆ ಮತ್ತೊಂದು ಸಲ ಅಪ್ಪ ಹೋಗಿ ಬಂದ. ಮತ ಎಣಿಕೆ ಮುಗಿದ ಮೇಲೆ ಹೋಗಿ ವಾಪಸ್ ತರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಎರಡು ಗಂಟೆಗೆ ಗೋವಿನಜೋಳದಲ್ಲಿ ಸದ್ದಾದಾಗ ಅದು ಹಂದಿಯೋ, ಮನುಷ್ಯನೋ ಅಂತ ಗುರುತಿಸೋ ಕಿವಿ ಬೇಕು. ವರ್ಷಕ್ಕೆರಡು ಸಲ ಬ್ಯಾಗ್ ಹಾಕ್ಕೊಂಡು ಬರೋನಿಗೆ ಆ ಕಿವಿ ಎಲ್ಲಿಂದ ಬರಬೇಕು?

ಆ ಕಿವಿ ಇರೋದು ಅಕ್ಕನಿಗೆ. ಆರು ವರ್ಷದ ಹಿಂದೆ ಅವಳು ಊರಿಗೆ ವಾಪಸ್ ಬಂದಳು. ಈಗ ಹೊಲ ನೋಡೋದು ಅವಳೇ. ಬೀಜ, ಗೊಬ್ಬರ, ಕಬ್ಬಿನ ಕಟಾವಿನ ಪಾಳಿ, ಸೊಸೈಟಿ ಸಾಲ, ಎಲ್ಲ ಅವಳ ಡೈರಿಯಲ್ಲಿರುತ್ತೆ. ಬಂದೂಕು ಮುಟ್ಟೋದು ಲೈಸೆನ್ಸಿರೋ ಅಪ್ಪ ಒಬ್ಬನೇ. ಆದರೆ ಅಟ್ಟಣಿಗೆಯ ಮೇಲೆ ಟಾರ್ಚು, ಡಬ್ಬಿ ಹಿಡಿದು ಕೂತು, ಈಗ ಬೇಕು, ಈಗ ಬೇಡ ಅಂತ ಹೇಳೋಳು ಅವಳು. ವಾರಸುದಾರ ಅಂದ್ರೆ ಮಗನೇ ಆಗಬೇಕು ಅಂತ ನಿಯಮ ಹೇಳಲ್ಲ, ಮಗಳೂ ಆಗಬಹುದು.

“ಅಕ್ಕನ ಹೆಸರಿಗೆ ಮಾಡ್ಸು ಅಪ್ಪಾ” ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. “ಮಂದಿ ಏನಂತಾರ? ಗಂಡಮಗ ಇದ್ದೂ ಬಂದೂಕ ಹೆಣ್ಮಗಳ ಕೈಯಾಗ ಕೊಟ್ಟ ಅಂತಾರ.”

“ಮಂದಿ ರಾತ್ರಿ ಹಂದಿ ಕಾಯಾಕ ಬರ್ತಾರೇನು?” ಅಂದಳು ಅಕ್ಕ, ಅಡುಗೆಮನೆಯಿಂದಲೇ.

ಅಪ್ಪನಿಗೆ ನಗು ಬಂತು, ಆದರೆ ಒಪ್ಪಲಿಲ್ಲ. ಮರುದಿನವೂ ಒಪ್ಪಲಿಲ್ಲ. ನನಗೆ ಬೇಡ ಅಂದಿದ್ದಕ್ಕೆ ಅವನಿಗೆ ನೋವಾಗಿತ್ತು ಅಂತ ಅರ್ಥವಾಯ್ತು. ಅಜ್ಜನಿಂದ ಬಂದದ್ದನ್ನು ನಾನು ತಿರಸ್ಕರಿಸಿದೆ ಅಂತ ಅವನು ತಿಳಿದಿದ್ದ. ಅವತ್ತು ಸಂಜೆ ಅವನನ್ನು ಕೂರಿಸಿಕೊಂಡು ಈ ತೋಟೆಯ ಕಥೆಯೆಲ್ಲ ಹೇಳಿದೆ. ಥೌ, ಬುಶ್, ಬೆಂಕಿ, ಕುದುರೆ ಲಾಯ, ಎಲ್ಲ. ಅವನು ಆಸಕ್ತಿಯಿಂದ ಕೇಳಿದ, ನಡುವೆ ಎರಡು ಪ್ರಶ್ನೆಯನ್ನೂ ಕೇಳಿದ. ಕೊನೆಗೆ ಅಜ್ಜನ ಮಾತು ನೆನಪಿಸಿದೆ. ಒಂದ ನಮೂನಿ ಜಡಿಯೋದಕ್ಕೆ ದಿನಾ ಜಡಿಯೋ ಕೈ ಬೇಕಲ್ಲ ಅಪ್ಪಾ, ನನ್ನ ಕೈ ವರ್ಷಕ್ಕೆ ಎರಡೇ ಸಲ ಇಲ್ಲಿರುತ್ತೆ ಅಂದೆ.

ಅವನು ಏನೂ ಹೇಳದೆ ಎದ್ದು ಹೋದ. ನಾನು ಬೆಂಗಳೂರಿಗೆ ವಾಪಸ್ ಬಂದು ಮೂರು ವಾರ ಆದ ಮೇಲೆ ಅಕ್ಕನ ಫೋನು ಬಂತು. ಬಂದೂಕು ಸುರಕ್ಷತೆಯ ತರಬೇತಿ ತಗೋಬೇಕಂತೆ, ಅದರ ಪ್ರಮಾಣಪತ್ರ ಅರ್ಜಿಯ ಜತೆ ಇಡಬೇಕಂತೆ, ಅಪ್ಪನೇ ವಿಚಾರಿಸಿಕೊಂಡು ಬಂದಿದ್ದಾನೆ ಅಂದಳು. “ಫಾರ್ಮ್ ಇಂಗ್ಲಿಷಿನಾಗ ಅದ. ನೀ ಬರೇ ಅದನ್ನ ತುಂಬು. ಉಳಿದದ್ದು ನಾ ತುಂಬ್ಕೋತೀನಿ.”